ನೀರಿನ ಚಕ್ರ ಸರಿಮಾಡಿದ್ದು ಯಾರು

ಕೊಟ್ಟಿಗೆಹಾರ
14-2-1999

ಭಾಗೀರಥಿ ಅಕ್ಕನಿಗೆ ತಮ್ಮ ಉಮಾಮಹೇಶ್ವರನ ನಮಸ್ಕಾರ.

ನಾವೆಲ್ಲ ಕ್ಷೇಮ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೀಲಿಲ್ಲ, ಬೈಕೋಬೇಡ. ಕೊಯ್ಲಿನ ಗಡಿಬಿಡಿ ಅಂತ ನೆಪ ಹೇಳಬಹುದು, ಆದರೆ ಕೊಯ್ಲು ಮುಗಿದು ಹದಿನೈದು ದಿನ ಆಯ್ತು. ಭಾವನ ಮಂಡಿನೋವು ಹೇಗಿದೆ? ಹೊರನಾಡಲ್ಲಿ ಚಳಿ ಕಮ್ಮಿ ಆಯ್ತಾ?

ಹೋದ ವಾರ ಚನ್ನಕೇಶವ ಅಂತ ಒಬ್ಬರು ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು ತೋಟಕ್ಕೆ ಬಂದಿದ್ದರು. ಹಳೇ ಎಸ್ಟೇಟುಗಳ ಯಂತ್ರಗಳ ಬಗ್ಗೆ ಪುಸ್ತಕ ಮಾಡ್ತಿದ್ದಾರಂತೆ. ನಮ್ಮ ನೀರಿನ ಚಕ್ರದ ಮುಂದೆ ಅರ್ಧ ದಿನ ಕೂತರು ಮಾರಾಯ್ತಿ, ಕೊಟ್ಟ ಕಾಫಿ ಆರಿ ತಣ್ಣಗಾಯ್ತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರನ್ನ ಅರವತ್ತು ವರ್ಷ ಕರೆಂಟಿಲ್ಲದೆ ತಿರುಗಿಸಿದ್ದು ಇದೇನಾ ಅಂತ ಮತ್ತೆ ಮತ್ತೆ ಕೇಳಿದರು. ಅಜ್ಜಯ್ಯ ಬಿಳಿ ದೊರೆಯ ತೋಟದಿಂದ ಕಬ್ಬಿಣದ ಅಚ್ಚನ್ನ ಎತ್ತಿನ ಗಾಡೀಲಿ ತಂದಿದ್ದು, ಬಡಗಿ ಬೆಳ್ಳಿಯಪ್ಪ ಅದಕ್ಕೆ ಹೊನ್ನೆ ಹಲಗೆ ಕೂರಿಸಿದ್ದು, ಎಲ್ಲ ಹೇಳಿದೆ.

ನಡುವೊಮ್ಮೆ ಕುಂಟೋಕೆ ಶುರುವಾಗಿದ್ದ ಚಕ್ರವನ್ನ ಸರಿಮಾಡಿದ್ದು ಯಾರು ಅಂದರು. ಹಾಳಾದ ನಾಲಿಗೆ, "ನಮ್ಮಪ್ಪ" ಅಂದುಬಿಡ್ತು. ಮೂವತ್ತು ವರ್ಷದಿಂದ ಊರಿಗೆಲ್ಲ ಹಾಗೇ ಹೇಳ್ಕೊಂಡು ಬಂದಿದೀವಲ್ಲ. ಆಮೇಲೆ ತಡೀಲಿಕ್ಕಾಗದೆ ತಿದ್ದಿ ಹೇಳಿದೆ. ಅಪ್ಪನೂ ಮೇಸ್ತ್ರಿಯೂ ನೀರು ಬರೋ ಕಾಲುವೆಯನ್ನೇ ಅಗಲ ಮಾಡ್ತಾ ಕೂತಿದ್ದರು. ಹದಿನೇಳು ವರ್ಷದ ನೀನು ಚಕ್ರದ ಕೆಳಗೆ ಒಂದು ಒಣ ಎಲೆ ಹಾಕಿ ನೋಡಿದೆ. ಅದು ಅಲ್ಲೇ ಸುತ್ತುತ್ತಿತ್ತು. ನೀರು ಹೋಗೋಕೆ ದಾರಿ ಇಲ್ಲ, ನಿಂತ ನೀರೇ ಹಲಗೇನ ಹಿಡಿದು ಜಗ್ತಿದೆ ಅಂದೆ. ಹಟ ಹಿಡಿದು, ನೀರು ಆಚೆ ಹೋಗೋ ಹೊರಗಾಲುವೆಯನ್ನ ಒಂದು ಮೊಳ ಆಳ ಮಾಡಿಸಿದೆ. ಆಮೇಲೆ ಚಕ್ರ ಕುಂಟಲಿಲ್ಲ.

ಮೇಷ್ಟ್ರು ಪೆನ್ನು ಕೆಳಗಿಟ್ಟು, "ನಿಮ್ಮಕ್ಕ ಯಾವ ಕಾಲೇಜಲ್ಲಿ ಇಂಜಿನಿಯರಿಂಗ್ ಮಾಡಿದ್ರು?" ಅಂದರು. ಪಿಯುಸಿಗೇ ನಿಂತಿತು, ಸೀಟು ಸಿಕ್ಕಿತ್ತು, ಅಪ್ಪ ಕಳಿಸಲಿಲ್ಲ ಅಂದೆ. ನನಗೆ ಅವರ ಮುಖ ನೋಡೋಕಾಗಲಿಲ್ಲ.

ಪುಸ್ತಕದಲ್ಲಿ ನಿನ್ನ ಹೆಸರೇ ಹಾಕ್ತಾರಂತೆ. ಅದಕ್ಕೆ ನಿನ್ನ ಒಪ್ಪಿಗೆ ಬೇಕು, ಒಂದು ಫೋಟೋನೂ ಬೇಕು. ಈ ವಯಸ್ಸಲ್ಲಿ ಅದೆಲ್ಲ ಯಾಕೆ ಅಂತ ನೀನು ಅಂತೀಯ, ಗೊತ್ತು. ಬೇಡ ಅನ್ನಬೇಡ ಅಕ್ಕ. ನಿನ್ನದು ಇಷ್ಟಾದರೂ ನಿನಗೆ ಸೇರಲಿ.

ಭಾವನಿಗೆ ನಮಸ್ಕಾರ. ಮಗಳು ಪಂಚಮಿಗೆ ಆಶೀರ್ವಾದ. ಈ ಕಾಗದ ಪೂರ್ತಿ ಓದಿದ ಮೇಲೂ ಮನಸ್ಸು ಬಂದರೆ ನನ್ನನ್ನೂ ಆಶೀರ್ವದಿಸು.

ನಿನ್ನ ತಮ್ಮ,
ಉಮಾಮಹೇಶ್ವರ

ಮರೆತ ಮಾತು: ಮರೆತದ್ದಲ್ಲ, ಬರೆಯೋಕೆ ಧೈರ್ಯ ಬಂದಿರಲಿಲ್ಲ. ಅಪ್ಪನ ತಿಥಿಯ ದಿನ ನೀನು, "ಅಪ್ಪನಿಗೆ ಹೆಣ್ಣುಮಕ್ಕಳು ಓದೋದು ಬೇಕಿರಲಿಲ್ಲ" ಅಂದೆ. ನಾನು ತಲೆ ತಗ್ಗಿಸಿ ಊಟ ಮಾಡಿದೆ. ಅಪ್ಪ ನಿನ್ನನ್ನ ಕಳಿಸೋಕೆ ಒಪ್ಪಿದ್ದರು ಅಕ್ಕ. ಒಂದೇ ಒಂದು ಮಾತು ನನ್ನನ್ನ ಕರೆದು ಕೇಳಿದರು: "ಅವಳು ಹೋದ್ರೆ ಕೊಯ್ಲಲ್ಲಿ ಚಕ್ರ ನೀನು ನಡೆಸ್ತೀಯೇನೋ?" ನನಗೆ ಬರಲ್ಲ ಅಂದೆ. ಬೆಳಗಿನ ಚಳೀಲಿ ಕಾಲುವೆಗೆ ಇಳಿಯೋಕೆ ಬೇಜಾರು, ಅಷ್ಟೇ. ಚಕ್ರ ನಡೆಸೋದು ನನಗೆ ಆಗಲೇ ಬರ್ತಿತ್ತು. ನೀನೇ ಕಲಿಸಿದ್ದೆ.