ನಾಲ್ಕನೇ ಸೆನ್ಸರ್

ಜನವರಿ 19, ಬೆಳಿಗ್ಗೆ 8.50
ಐಸ್ ಪುಡಿ ಮಾಡಿ ನೀರು ಬೆರೆಸಿ ಆಯ್ತು. ಹನ್ನೆರಡು ಟೆಂಪರೇಚರ್ ಸೆನ್ಸರ್ ಅದ್ದಿ ನೋಡಬೇಕು. ಐಸ್-ನೀರು ಅಂದರೆ ಸೊನ್ನೆ ಡಿಗ್ರಿ — ಪೀಣ್ಯದಲ್ಲೂ, ಹಿಮಾಲಯದಲ್ಲೂ. ಬೆರಳು ಮರಗಟ್ಟಿದೆ, ಬೆನ್ನು ಬೆವರುತ್ತಿದೆ.

ಪ್ರಸನ್ನ ಸರ್ ರಿಪೋರ್ಟ್ ತೋರಿಸಿದರು. ಮೂರು ವರ್ಷದ ಹಿಂದೆ ಹಿಮಾಲಯದ ಬೆಟ್ಟದ ಊರಿಗೆ ಕಳಿಸಿದ ನಮ್ಮ ಐದು ಸೆನ್ಸರ್‌ಗಳದ್ದು. ನಲವತ್ತು ವರ್ಷದ ಹಿಂದಿನ ರಿಜಿಸ್ಟರ್‌ಗೆ ಹೋಲಿಸಿದರೆ ನಾಲ್ಕು ಕಡೆ ಒಂದೂವರೆ ಡಿಗ್ರಿ ಏರಿದೆ. ಊರ ಮೇಲಿನ ಕೆರೆ ಹತ್ತಿರ, ನಾಲ್ಕನೇ ಸೆನ್ಸರ್‌ನಲ್ಲಿ ಮಾತ್ರ 0.3. ಆ ಕೆರೆಗೆ ಐಸೇ ಕಟ್ಟೆ, ಕರಗಿದರೆ ನೀರೆಲ್ಲ ಊರ ಮೇಲೆ. ಇನ್ನು ಮೂವತ್ತು ವರ್ಷ ಕರಗಲ್ಲ, ಊರು ಖಾಲಿ ಮಾಡುವುದು ಬೇಡ ಅಂತ ಬರೆದಿದ್ದಾರೆ. ಖುಷಿಯಾಯ್ತು. ಆ ಸೆನ್ಸರ್‌ಗಳು ಸರಿಯಿವೆ ಅನ್ನೋ ಸರ್ಟಿಫಿಕೇಟ್ ಮೇಲೆ ಸಹಿ ನನ್ನದೇ.

ಜನವರಿ 20
ಸುಮ್ಮನೆ ಹಳೇ ಟೆಸ್ಟಿಂಗ್ ಪುಸ್ತಕ ತೆಗೆದೆ. ತೆಗೀಬಾರದಿತ್ತು. ನಾಲ್ಕನೇದು ಐಸ್-ನೀರಲ್ಲಿ 0.6 ಕಡಿಮೆ ತೋರಿಸಿತ್ತು. ಅಷ್ಟನ್ನು ಕೂಡಿಸಬೇಕು. ಕಳೆದುಬಿಟ್ಟೆನಾ? ಹಳೇ ಸಾಫ್ಟ್‌ವೇರ್ ಮೈನಸ್ಸನ್ನು ತಾನೇ ಪ್ಲಸ್‌ಗೆ ತಿರುಗಿಸಿಕೊಳ್ಳುತ್ತಿತ್ತು. ಹೊಸದಕ್ಕೆ ನಾವೇ ತಿರುಗಿಸಿ ಹಾಕಬೇಕು. ಅದು ಬಂದ ವಾರವೇ ಈ ಸೆನ್ಸರ್ ಟೆಸ್ಟ್ ಮಾಡಿದ್ದು. ಹಾಗಾದರೆ ಅದು 1.2 ಕಡಿಮೆ ತೋರಿಸುತ್ತಿದೆ, ಕೆರೆ ಹತ್ತಿರವೂ ಒಂದೂವರೆಯೇ... ಇಲ್ಲ, ಆಮೇಲೆ ಸರಿ ಮಾಡಿದ್ದೆ ಅಂತಲೂ ನೆನಪು. ತಲೆ ಕೆಟ್ಟು ಹೋಗಿದೆ.

ಜನವರಿ 21
ಸರ್‌ಗೆ ಹೇಳಿದೆ. "ಆ ಊರವ್ರು ನೆಮ್ಮದಿಯಾಗಿದಾರೆ ಕಣಮ್ಮ. ಗ್ಯಾರಂಟಿ ಇಲ್ದೆ ಯಾಕೆ ಹೆದರಿಸ್ತೀಯ?" ಅದೂ ನಿಜ ಅನ್ನಿಸಿತು. ರೂಮಿಗೆ ಬಂದರೆ ರೂಮ್‌ಮೇಟ್ ಮಹಾದೇವಿ, "ಗ್ಯಾರಂಟಿ ಇಲ್ಲಂದ್ರ ಕೇಳಿ ನೋಡ ಭಾಗ್ಯಾ. ಸುಮ್ನ ಕುಂತ್ರ ಹೆಂಗ?" ಅಂದಳು. ಅದೂ ನಿಜ.

ಜನವರಿ 25
ಕೊನೆಗೂ ಡೋಲ್ಮಾಗೆ ಫೋನ್ ಮಾಡಿದೆ. ಅಲ್ಲಿ ಸೆನ್ಸರ್ ನೋಡಿಕೊಳ್ಳುವವಳು. ನನ್ನ ಹರುಕು ಹಿಂದಿ. ಬಕೆಟ್‌ನಲ್ಲಿ ಹಿಮ, ನೀರು ಕಲಸಿ ನಾಲ್ಕನೇದನ್ನು ಅದ್ದು, ಅರ್ಧ ಗಂಟೆ ಬಿಟ್ಟು ನೋಡು ಅಂದೆ. ಯಾಕೆ ಅಂತ ಹೇಳಲಿಲ್ಲ. ಸೊನ್ನೆ ಬಂದರೆ ನಾನು ಬಚಾವ್. ಅವರೂ ಬಚಾವ್. ಯಾರಿಗೋಸ್ಕರ ಬೇಡಿಕೊಳ್ಳುತ್ತಿದ್ದೀನೋ ನನಗೇ ಗೊತ್ತಿಲ್ಲ. ನಾಚಿಕೆ ಆಗುತ್ತೆ.

ಜನವರಿ 27, ಮಧ್ಯಾಹ್ನ 1.15
ಊಟದ ಡಬ್ಬಿ ತೆಗೆದಿದ್ದೆ. ಡೋಲ್ಮಾ ಮೆಸೇಜ್ ಬಂತು. "ಮೈನಸ್ 1.2, ದೀದಿ. ಎರಡು ಸಲ ನೋಡಿದೆ. ತಣ್ಣಗಿದೆ ಅಂದರೆ ಒಳ್ಳೇದೇ ಅಲ್ವಾ? ಬೇಸಿಗೆಗೆ ಅಪ್ಪ ಹೊಸ ಮನೆಗೆ ಪಾಯ ತೆಗೀತಾರೆ."

ಡಬ್ಬಿ ಮುಚ್ಚಿದೆ. ಪಾಯ ತೆಗೀಬೇಡಿ, ತಪ್ಪು ನಂದು — ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಟೈಪ್ ಮಾಡಿದೆ. ಕಳಿಸಿದೆ. ನೀಲಿ ಗೆರೆ ಬಂತು, ಓದಿದಳು.

ಫೋನ್ ರಿಂಗ್ ಆಗ್ತಿದೆ. ಅವಳೇ. ಇದನ್ನೆಲ್ಲ ಹಿಂದಿಯಲ್ಲಿ ಹೇಗೆ