ಕಿತ್ತಳೆ ಸಿಪ್ಪೆಯ ಜಾಡಿ

ಫೆಬ್ರವರಿ 3, ಸೋಮವಾರ. ಬೆಳಗ್ಗೆ

ಹಿಟ್ಟಿನ ಮೂಟೆಯೊಡನೆ ಮಲ್ಲಯುದ್ಧ. ಮೂಟೆ ಗೆದ್ದಿತು. ಬೇಕರಿ ಮಾಲೀಕರು ಓವನ್ ಪಕ್ಕದ ಕುರ್ಚಿಯಲ್ಲಿ ಎಂದಿನಂತೆ ಯೋಗನಿದ್ರೆಯಲ್ಲಿದ್ದರು. 'ಇಂದಿನ ತಾಜಾ' ಬೋರ್ಡನ್ನು ಸಕಲ ಮರ್ಯಾದೆಗಳೊಂದಿಗೆ ಅವರ ಕೊರಳಿಗೆ ತೊಡಿಸಿದೆ. ಮೊದಲ ಗಿರಾಕಿ ಬಂದು ನಗುವವರೆಗೂ ಎಚ್ಚರವಿಲ್ಲ.

"ನಿನ್ನನ್ನ ಕೆಲಸಕ್ಕಿಟ್ಕೊಂಡಿದ್ದಕ್ಕೆ ದೇವರು ನಂಗೆ ಸ್ವರ್ಗದಲ್ಲೊಂದು ಸೀಟು ರಿಸರ್ವ್ ಮಾಡಿರ್ತಾನೆ ಕಣಮ್ಮ" ಎಂದರು.

ನಕ್ಕೆ. ನಿಶ್ಚಯವಾಗಿದ್ದ ಮದುವೆ ಮುರಿದ ಮೇಲೆ ಮೊದಲ ಸಲ.

ಫೆಬ್ರವರಿ 5, ಬುಧವಾರ

ಸ್ಕೇಲ್ ಆಂಟಿಯವರ ಆಗಮನ. ಚರಿತ್ರೆಗಾಗಿ ಪರಿಚಯ: ಸಂಡೇಸ್ಕೂಲಿನಲ್ಲಿ ಮೇಜಿಗೆ ಸ್ಕೇಲು ಬಡಿಯುತ್ತಿದ್ದವರು. ನನಗೆ ಅತ್ತೆಯಾಗಬೇಕಿದ್ದವರು. 'ನಗೋದಕ್ಕೆ ಹೊತ್ತು ಗೊತ್ತಿಲ್ಲದ ಹುಡುಗಿ ನಮ್ಮ ಮನೆಗೆ ಬೇಡ' ಎಂದು ಸಂಬಂಧ ಮುರಿದವರು. ಆ ದಿನ ಅವರ ಮಗ ಪಕ್ಕದಲ್ಲೇ ಕೂತು ಟೀ ಕಪ್ಪಿನ ಹಿಡಿಯನ್ನು ನೋಡುತ್ತಿದ್ದ.

"ಮೂರಂತಸ್ತಿನ ಕೇಕ್. ಇಪ್ಪತ್ತೆರಡಕ್ಕೆ. ತಿಂಗಳುಗಟ್ಟಲೆ ನೆನೆದ ಹಣ್ಣೇ ಆಗ್ಬೇಕು. ಮೊನ್ನೆ ನೆನೆಹಾಕಿದ್ದನ್ನ ಕೊಟ್ರೆ ನಂಗೆ ಗೊತ್ತಾಗತ್ತೆ."

ಯಾರ ಮದುವೆ ಎಂದು ಮಾಲೀಕರು ಕೇಳಿಬಿಟ್ಟರು.

"ನಮ್ಮ ಹುಡುಗಂದೇ." ನನ್ನ ಕಡೆ ತಿರುಗಿ, "ಕೆಲಸ ಬೇರೆ, ಮನಸ್ಸು ಬೇರೆ. ಮುಖ ಊದಿಸ್ಕೊಂಡು ಕಲಸ್ಬೇಡ. ಕೇಕ್ ಉಬ್ಬಲ್ಲ."

"ಆಗಲಿ ಆಂಟಿ" ಎಂದೆ. ಒಳಗೆ ಹೋಗಿ ಹಿಟ್ಟಿನ ಮೂಟೆಗೆ ಗುದ್ದಿದೆ. ಈ ಸಲ ನಾನು ಗೆದ್ದೆ.

ಫೆಬ್ರವರಿ 6

ಅಂಗಡಿಯಲ್ಲಿ ಕೇಕಿಗೆ ಹಾಕುವ ನೆನೆದ ಒಣಹಣ್ಣಿಲ್ಲ. ಕ್ರಿಸ್‌ಮಸ್ ಕೇಕುಗಳಿಗೇ ಖಾಲಿ. ಉಳಿದಿರುವುದು ಮೇಲಿನ ಕಪಾಟಿನ ಮೂಲೆಯಲ್ಲಿ ವಿರಾಜಮಾನರಾದ ಘನತೆವೆತ್ತ ದೊಡ್ಡ ಗಾಜಿನ ಜಾಡಿಯವರು ಮಾತ್ರ.

ಅದು ನನ್ನ ಮದುವೆಯ ಕೇಕಿಗೆ ಇಟ್ಟದ್ದು. ನಿಶ್ಚಿತಾರ್ಥದ ಮಾರನೇ ದಿನ, ಜುಲೈನಲ್ಲಿ, ನಾನೂ ಆಂಟಿಯ ಮಗನೂ ಸೇರಿ ತುಂಬಿಸಿದ್ದು. ಒಣದ್ರಾಕ್ಷಿ, ಚೆರ್ರಿ ನನ್ನ ಪಾಲು. ಕಿತ್ತಳೆ ಸಿಪ್ಪೆ ಹೆಚ್ಚಿದ್ದು ಅವನು... ದಪ್ಪ ದಪ್ಪ ಚೂರು.

"ಏನಿದು, ಮನೆ ಕಟ್ಟೋಕೆ ಇಟ್ಟಿಗೆನಾ?" ಎಂದಿದ್ದೆ.

"ನೀನೇ ಬಾಡಿಗೆ ಮನೆ ಬೇಡ ಅಂದ್ಯಲ್ಲ."

ಇವತ್ತು ಮಾಲೀಕರು, "ಅದನ್ನ ಮುಟ್ಬೇಡ. ಆರ್ಡರ್ ಆಗಲ್ಲ ಅಂತ ಹೇಳಿಬಿಡ್ತೀನಿ" ಎಂದರು.

"ಬೇಡ. ಮಾಡೋಣ. ಸಕ್ಕರೆ ಬದಲು ಉಪ್ಪು ಹಾಕಿ."

ಅವರು ನಗಲಿಲ್ಲ. ನಾನೂ ತಮಾಷೆ ಮಾಡಿರಲಿಲ್ಲ.

ಫೆಬ್ರವರಿ 9, ಭಾನುವಾರ

ಚರ್ಚಿನಲ್ಲಿ ಪಾಸ್ಟರ್ ಪ್ರಸಂಗ: ನಮ್ಮನ್ನು ನೋಯಿಸುವವರಿಗಾಗಿ ಪ್ರಾರ್ಥನೆ. ಪಾಸ್ಟರಿಗೆ ಯಾರೋ ಚಾಡಿ ಹೇಳಿದ್ದಾರೆ.

ಸಂಜೆ ಮನೆಯ ಪ್ರಾರ್ಥನೆ. ನನ್ನ ಸರದಿ. "ಕರ್ತನೇ, ಸ್ಕೇಲ್ ಆಂಟಿಯನ್ನು ಹೇರಳವಾಗಿ ಆಶೀರ್ವದಿಸು. ಆದಷ್ಟು ದೂರದ ಊರಿನಲ್ಲಿ ಆಶೀರ್ವದಿಸು."

ಅಜ್ಜಿ ಒಂದು ಕಣ್ಣು ತೆರೆದರು. "ದೇವರ ಹತ್ರಾನೂ ತಂಟೆನಾ?"

ಜಾಡಿಯ ವಿಷಯ, ಉಪ್ಪಿನ ವಿಷಯ ಎರಡೂ ಹೇಳಿದೆ. ಅಜ್ಜಿ ಬೈಬಲ್ ಮುಚ್ಚಿಟ್ಟರು.

"ಕೊಡೋದಿದ್ರೆ ಪೂರ್ತಿ ಕೊಡು ಮಗಳೇ. ಕೊಟ್ಟು ಚುಚ್ಚೋದಾದ್ರೆ ಜಾಡಿ ಅಲ್ಲೇ ಇರ್ಲಿ."

"ಅವರು ಏನ್ ಮಾಡಿದ್ರು ಅಂತ ನಿಂಗೆ ಮರೆತೇ ಹೋಯ್ತಾ ಅಜ್ಜಿ?"

"ಮರೆಯೋದೆಲ್ಲಿ ಬಂತು. ಪ್ರತಿ ಭಾನುವಾರ ಅವಳ ಬೆಂಚಲ್ಲೇ ಕೂತ್ಕೋತೀನಲ್ಲ, ಹಲ್ಲು ಕಚ್ಕೊಂಡು."

"ಆಗ ಕರ್ತ ಏನಂತಾನೆ?"

"ಇನ್ನೊಂಚೂರು ಜರುಗಿ ಜಾಗ ಬಿಡು ಅಂತಾನೆ."

ಫೆಬ್ರವರಿ 19

ಹತ್ತು ದಿನ ಏನೂ ಬರೆಯಲಿಲ್ಲ. ಬರೆದರೆ ಉಪ್ಪಿನ ಬಗ್ಗೆಯೇ ಬರೆಯುತ್ತಿದ್ದೆ.

ಇವತ್ತು ಜಾಡಿ ತೆರೆದೆ. ಇಡೀ ಬೇಕರಿಯಲ್ಲಿ ಜುಲೈ ತಿಂಗಳ ವಾಸನೆ.

ಉಪ್ಪಿನ ಡಬ್ಬಿ ಕೈಗೆಟಕುವಷ್ಟು ಹತ್ತಿರ. ಮಾಲೀಕರನ್ನು ಕರೆದು, ಬಚ್ಚಿಡಿ ಎಂದೆ. ಬಚ್ಚಿಟ್ಟರು. ಎಲ್ಲಿಟ್ಟರೆಂದು ಈಗ ಅವರಿಗೇ ನೆನಪಿಲ್ಲ. ಇವತ್ತಿನ ಬನ್ನುಗಳೆಲ್ಲ ಸಪ್ಪೆ. ಸತ್ಯಕ್ಕಾಗಿ ಹುತಾತ್ಮರಾದ ಬನ್ನುಗಳು.

ಹಣ್ಣು ಪೂರ್ತಿ ಸುರಿದೆ. ಒಂದು ಚಮಚವನ್ನೂ ಉಳಿಸಿಕೊಳ್ಳಲಿಲ್ಲ.

ಫೆಬ್ರವರಿ 21, ಶುಕ್ರವಾರ. ಮಧ್ಯಾಹ್ನ

ಗಿರಾಕಿ ರುಚಿ ನೋಡಲೆಂದು ಅದೇ ಹಿಟ್ಟಿನಲ್ಲಿ ಒಂದು ಪುಟ್ಟ ಕೇಕನ್ನೂ ಬೇಯಿಸುವುದು ನಮ್ಮ ಅಂಗಡಿಯ ರೂಢಿ. ಸ್ಕೇಲ್ ಆಂಟಿ ಬಂದರು. ಜೊತೆಗೆ ಅವನು. ತೆಳ್ಳಗಾಗಿದ್ದಾನೆ. ಆಗಿದ್ದರೆ ನನಗೇನು.

ಆಂಟಿ ಕಣ್ಣು ಮುಚ್ಚಿ ಅಗಿದರು. "ಹಣ್ಣು ನೆನೆದಿದೆ." ಅವರ ಬಾಯಲ್ಲಿ ಇಷ್ಟು ಬಂದದ್ದೇ ದೊಡ್ಡದು. ಆಮೇಲೆ ನಾಲಿಗೆಯಿಂದ ಏನನ್ನೋ ತೆಗೆದು ಪ್ಲೇಟಿನ ಅಂಚಿಗಿಟ್ಟರು. ಕಿತ್ತಳೆ ಸಿಪ್ಪೆಯ ಚೂರು.

"ಇಷ್ಟು ದಪ್ಪನಾ? ಸಿಪ್ಪೆ ಹೆಚ್ಚೋಕೂ ಬರಲ್ವಾ ನಿಂಗೆ? ಇದಕ್ಕೇ ನಾನು ಅವತ್ತು ಅಂದಿದ್ದು. ಯಾವುದರ ಮೇಲೂ ಗಮನ ಇಲ್ಲ. ಬರೀ ಹಲ್ಲು ಕಿರಿಯೋದು."

ಅವನು ಆ ಚೂರನ್ನೇ ನೋಡುತ್ತಿದ್ದ. ಗೊತ್ತಾಯಿತು ಅವನಿಗೆ. ಕಿವಿ ಕೆಂಪಾಯಿತು. ಬಾಯಿ ತೆರೆಯಲಿಲ್ಲ.

ಉತ್ತರ ನನ್ನ ನಾಲಿಗೆ ತುದಿಯಲ್ಲಿತ್ತು. ಜನ್ಮದಲ್ಲಿ ಒಮ್ಮೆ ಸಿಗುವಂಥ ಉತ್ತರ. ಒಂದೇ ವಾಕ್ಯ, ತಾಯಿ ಮಗ ಇಬ್ಬರೂ ಚಿತ್. ಮಾಲೀಕರಿಗೂ ವಿಷಯ ಗೊತ್ತು, ಬಾಯಿ ತೆರೆದೇಬಿಟ್ಟರು. ಕೌಂಟರಿನ ಮರೆಯಲ್ಲಿ ಅವರ ಕಾಲು ತುಳಿದೆ.

"ತಪ್ಪಾಯ್ತು ಆಂಟಿ. ಇನ್ಮೇಲೆ ಸಣ್ಣಗೆ ಹೆಚ್ತೀನಿ. ಕುಡಿಯೋಕೆ ನೀರು ಕೊಡ್ಲಾ?"

ಕುಡಿದರು. ಲೋಟವನ್ನು ಸರಿಯಾಗಿ ತೊಳೆದಿಲ್ಲ ಎಂದರು. ಹೊರಟರು. ಅವನು ಒಂದು ಹೆಜ್ಜೆ ಹಿಂದೆ ಉಳಿದ. ಪ್ಲೇಟಿನ ಅಂಚಿನಲ್ಲಿದ್ದ ಚೂರನ್ನು ಬಾಯಿಗೆ ಹಾಕಿಕೊಂಡು, ತಲೆ ಎತ್ತದೆ ಹೋದ.

ಮಾಲೀಕರು ಕಾಲು ನೀವಿಕೊಳ್ಳುತ್ತಾ, "ಹೇಳಿಬಿಡ್ಬೇಕಿತ್ತು" ಎಂದರು.

"ಹೇಳಿದ್ರೆ ಕೊಟ್ಟ ಹಾಗಾಗ್ತಿರ್ಲಿಲ್ಲ."

ಅಜ್ಜಿಯ ಧ್ವನಿಯಲ್ಲಿ ಹೇಳಿಬಿಟ್ಟೆ. ಮುದುಕಿಯಾದೆ.

ಫೆಬ್ರವರಿ 22, ಶನಿವಾರ. ಹನ್ನೊಂದು ಗಂಟೆ

ಕೇಕನ್ನು ಮಾಲೀಕರೇ ತಲುಪಿಸಿ ಬಂದರು. ಈಗ ಎಲ್ಲರೂ ಚರ್ಚಿನಲ್ಲಿರುತ್ತಾರೆ. ಅಜ್ಜಿಯೂ ಹೋಗಿದ್ದಾರೆ, ಜರುಗಿ ಕೂರಲು.

ಕಣ್ಣಿಗೇನಾಯಿತು ಎಂದು ಮಾಲೀಕರು ಕೇಳಿದರು. ಈರುಳ್ಳಿ ಎಂದೆ. ಅಂಗಡಿಯಲ್ಲಿ ಒಂದೂ ಈರುಳ್ಳಿ ಇಲ್ಲ. ಅವರು ಹೌದೌದು ಎಂದರು.

ಜಾಡಿ ತೊಳೆದೆ. ಬಿಸಿನೀರು, ಸೋಪು, ಮತ್ತೆ ಬಿಸಿನೀರು. ವಾಸನೆ ಹೋಗುತ್ತಿಲ್ಲ.

ಕರ್ತನೇ, ಆಶೀರ್ವದಿಸು. ಈ ಸಲ 'ದೂರದ ಊರಿನಲ್ಲಿ' ಎಂದು ಸೇರಿಸಿಲ್ಲ, ದಯವಿಟ್ಟು ಗಮನಿಸು. ಸ್ಕೇಲ್ ಆಂಟಿಯನ್ನು. ಆ ಮದುಮಗಳನ್ನು, ಅವಳಿಗಾದರೂ ಜೋರಾಗಿ ನಗಲು ಬಿಡಲಿ. ಮತ್ತೆ —