ಕಾಣದ ಜಾಗ ಕಪ್ಪಾಗಿಯೇ ಇರಲಿ

ಮೇಲಿನ ಕಾರವಾರ
ಫೆಬ್ರವರಿ 30, 2391

ಆಪ್ಟೊಮೆಟ್ರಿಯಲ್ಲಿ ಡಾಕ್ಟರೇಟ್ ಮಾಡುತ್ತಿರುವ ಅಕ್ಕನಿಗೆ ಪಾಂಚಾಲಿ ಗಾಂವಕರಳ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮ ಫೆಬ್ರವರಿಗೆ ಮೂವತ್ತು ದಿನ. ಕಡಲು ಏರಿದ ಮೇಲೆ ಕಾರವಾರವೂ ಗುಡ್ಡ ಹತ್ತಿ ಕೂತಿದೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಹೆಸರು ನಮ್ಮವರೆಗೆ ಬಂದಿಲ್ಲ, ನಿಮ್ಮ ಪ್ರಬಂಧ ಬಂದಿದೆ. ಅದನ್ನು ನೀವಿನ್ನೂ ಮುಗಿಸಿಲ್ಲ ಎಂದು ನಂಬಿ ಬರೆಯುತ್ತಿದ್ದೇನೆ.

ನಾನೂ ನಿಮ್ಮ ವಿದ್ಯೆಯನ್ನೇ ಓದುತ್ತಿರುವವಳು. ಇಲ್ಲಿ ಮಗು ಹುಟ್ಟಿದ ತಿಂಗಳಲ್ಲೇ ಕಣ್ಣಿಗೆ 'ನೋಟಪೊರೆ' ಅಂಟಿಸುತ್ತಾರೆ. ಅಂದು ಮನೆಯಲ್ಲಿ ಪಾಯಸ. ಪೊರೆ ಎಂದರೆ ನಿಮ್ಮ ಕಾಂಟ್ಯಾಕ್ಟ್ ಲೆನ್ಸಿನ ಮರಿಮಗಳು ಅಂದುಕೊಳ್ಳಿ. ಮಸುಕನ್ನು ತಿದ್ದುತ್ತದೆ. ಕಣ್ಣು ಹಿಡಿಯದೆ ಬಿಟ್ಟ ಜಾಗವಿದ್ದರೆ, ಅಕ್ಕಪಕ್ಕದವರ ಪೊರೆಗಳು ಕಂಡದ್ದನ್ನು ಎರವಲು ತಂದು ಅಲ್ಲಿ ತುಂಬುತ್ತದೆ, ನೇರವಾಗಿ ಮೆದುಳಿಗೇ. ಅದನ್ನು ನಾವು 'ತುಂಬುನೋಟ' ಎನ್ನುತ್ತೇವೆ. ರೋಗಿ ಗಾಬರಿಯಾಗಬಾರದೆಂದು ಇದನ್ನು ಮೊದಲು ಸೂಚಿಸಿದವರು ನೀವು, ನಿಮ್ಮ ಪ್ರಬಂಧದ ಕೊನೆಯ ಅಧ್ಯಾಯದಲ್ಲಿ. ಕಣ್ಣು ಪರೀಕ್ಷಿಸಬೇಕಾದರೆ ನಾವು ಪೊರೆಯನ್ನೇ ಕೇಳುತ್ತೇವೆ. ಅದು ಎಲ್ಲರಿಗೂ 'ಚೆನ್ನಾಗಿದೆ' ಎನ್ನುತ್ತದೆ.

ಪದವಿಗೆ ಮುಂಚೆ ನಮ್ಮಲ್ಲೊಂದು ಹಳೇ ಪದ್ಧತಿಯಿದೆ. ಇಬ್ಬಿಬ್ಬರು ಎದುರುಬದುರು ಕೂತು, ಪೊರೆ ಕಳಚಿ, ಒಬ್ಬರ ಬರಿಗಣ್ಣನ್ನು ಇನ್ನೊಬ್ಬರು ಪರೀಕ್ಷಿಸಬೇಕು. ಎಲ್ಲರಿಗೂ ಅದೊಂದು ತಮಾಷೆ. ನನ್ನ ಜೋಡಿ ಅಂಕೋಲೆಯ ಬೀರಣ್ಣ ನಾಯಕ. ಮೊದಲು ಅವನದು ನೋಡಿದೆ, ಏನೂ ತೊಂದರೆಯಿರಲಿಲ್ಲ. ಆಮೇಲೆ ನನ್ನ ಸರದಿ. ಒಂದು ಕಣ್ಣು ಮುಚ್ಚಿಕೊಂಡು ಅವನ ಮೂಗನ್ನೇ ನೋಡುತ್ತಾ ಕೂತೆ. ಅವನು ಪಕ್ಕದಲ್ಲಿ ಕೈ ಎತ್ತಿದಾಗ ಎಷ್ಟು ಬೆರಳೆಂದು ನಾನು ಹೇಳಬೇಕಿತ್ತು. ಅವನು ಸುಮ್ಮನೆ ಕೂತಿದ್ದ. ನನಗೆ ರೇಗಿತು. ಆಟ ಸಾಕು, ಬೇಗ ಕೈ ಎತ್ತು ಎಂದೆ.

"ಎತ್ತಿ ಆಗ್ಲೇ ಎಷ್ಟೊತ್ತಾಯ್ತು ಮಾರಾಯ್ತಿ," ಅಂದ ಬೀರಣ್ಣ.

ಇನ್ನೊಂದು ಬದಿಯಲ್ಲಿ ಎತ್ತಿದ. ಅದೂ ಕಾಣಲಿಲ್ಲ. ಅಲ್ಲಿ ಕಪ್ಪೂ ಕಾಣಲಿಲ್ಲ, ಬರಿಗಣ್ಣು ಬಿಟ್ಟ ಜಾಗವನ್ನು ಮೆದುಳು ತಾನೇ ಮುಚ್ಚಿಬಿಡುತ್ತದೆ. ಇನ್ನೊಂದು ಕಣ್ಣಿನದೂ ಅದೇ ಪಾಡು. ಗುರುಗಳು ಬಂದು ನೋಡಿದರು. ಕಣ್ಣಿನೊಳಗಿನ ಒತ್ತಡ ಏರಿ ಏರಿ ನರ ಒಣಗಿಹೋಗಿದೆಯಂತೆ, ಗ್ಲಾಕೋಮಾ. ಉಳಿದಿರುವುದು ನಡುವಿನ ಒಂದಿಷ್ಟೇ ನೋಟ. ಕಣ್ಣಿನ ಡಾಕ್ಟರಾಗಲು ಹೊರಟವಳಿಗೆ ತನ್ನ ಕಣ್ಣು ಹೋದದ್ದೇ ಗೊತ್ತಿಲ್ಲ! ಈಗಲೂ ನಂಬಲಾಗುತ್ತಿಲ್ಲ ನನಗೆ.

ಆ ಸಂಜೆ ಪೊರೆ ಹಾಕಿಕೊಳ್ಳದೆ ಊಟಕ್ಕೆ ಕೂತೆ. ಬರೀ ಅನ್ನ ಯಾಕೆ ತಿಂತಿದ್ದೀಯೆಂದು ಅಮ್ಮ ಕೇಳಿದಳು. ತಟ್ಟೆಯ ಪಕ್ಕದಲ್ಲೇ ಬಂಗುಡೆ ಮೀನಿನ ಸಾರಿನ ಬಟ್ಟಲು ಇತ್ತಂತೆ. ತಡವಿ ಬಟ್ಟಲನ್ನು ಎಳೆದುಕೊಂಡು ಅನ್ನಕ್ಕೆ ಸುರಿದುಕೊಂಡೆ. ನನ್ನ ಓರಗೆಯವರಲ್ಲಿ ಇನ್ನೆಷ್ಟು ಮಂದಿ ಹೀಗೆ ಎರವಲು ನೋಟದಲ್ಲಿ ಓಡಾಡುತ್ತಿದ್ದಾರೋ, ಯಾರು ಬಲ್ಲರು.

ನಿಮ್ಮ ಮೇಲೆ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ. ಆದರೆ ನೀವು ಕರುಣೆಯಿಂದಲೇ ಬರೆದಿರಿ. ಆದ್ದರಿಂದಲೇ ಕೇಳುತ್ತಿದ್ದೇನೆ: ಆ ಕೊನೆಯ ಅಧ್ಯಾಯವನ್ನು ತಿದ್ದಿ. ಮಸುಕನ್ನು ಬೇಕಾದರೆ ತಿದ್ದಲಿ, ಕಾಣದ ಜಾಗವನ್ನು ಮಾತ್ರ ಪೊರೆ ತುಂಬದಿರಲಿ. ಅಲ್ಲಿ ಕಪ್ಪನ್ನೇ ತೋರಿಸಲಿ. ಜನ ಗಾಬರಿಯಾದರೆ ಆಗಲಿ. ನನ್ನ ಪೊರೆ ಕಪ್ಪು ತೋರಿಸಿದ್ದಿದ್ದರೆ ನಾನೂ ಚಿಕ್ಕವಳಿದ್ದಾಗಲೇ ಗಾಬರಿಯಾಗಿ ಅಮ್ಮನ ಹತ್ತಿರ ಓಡುತ್ತಿದ್ದೆ, ಅವಳು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದಳು. ಒತ್ತಡ ಇಳಿಸುವ ಹನಿಮದ್ದು ನಿಮ್ಮ ಕಾಲದಲ್ಲೇ ಇತ್ತು ಅಕ್ಕ. ನಮ್ಮ ಬೀದಿಯ ಅಂಗಡಿಯಲ್ಲಿ ಈಗಲೂ ಸಿಗುತ್ತದೆ.